ದೆವ್ವದ ಕಾಲು ನೋಡುತ್ತಿದ್ದ ಹಾಲೇಶಪ್ಪ

2016ರ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಭದ್ರಾವತಿ ಓಲ್ಡ್ ಟೌನ್‌ನ ಖಾಸಗಿ ಶಾಲೆಯೊಂದರ ಸಾಮಾನು ಕೊಠಡಿಯಲ್ಲಿ ಅಲ್ಲಿನ ಆಯಾ ಸರೋಜಮ್ಮ ಶವವಾಗಿ ಪತ್ತೆಯಾದರು. ಕಾಲು ಜಾರಿ ಬಿದ್ದು ಸತ್ತರು ಎಂದು ಶಾಲೆಯವರು ಹೇಳಿದರು. ದೆವ್ವ ಹೊಡೆಯಿತು ಎಂದು ಮಕ್ಕಳು ಹೇಳಿದರು. ಪೊಲೀಸರು ಅಸಹಜ ಸಾವು ಎಂದು ದಾಖಲಿಸಿಕೊಂಡರು. ಆ ವಾರದ ಕೊನೆಗೆ ಬಂದ ಮರಣೋತ್ತರ ಪರೀಕ್ಷೆಯ ವರದಿ, ಕತ್ತು ಹಿಸುಕಿ ಕೊಲೆ ಎಂದಿತು. ಶಿವಮೊಗ್ಗದ ಅಪರಾಧ ವಿಭಾಗದಿಂದ ಸಬ್‌ಇನ್‌ಸ್ಪೆಕ್ಟರ್ ಹಾಲೇಶಪ್ಪ ಬಂದದ್ದು ಆ ಮೇಲೆ.

ಶಾಲೆಯ ಅಂಗಳದಲ್ಲಿ ಅವರು ಮಕ್ಕಳ ಗುಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ದೆವ್ವ ಗಿವ್ವ ಇಲ್ಲ, ಹೋಗಿ ಆಟ ಆಡಿ ಎನ್ನುತ್ತಾರೆ ಎಂದು ನಾವು ಪತ್ರಕರ್ತರು ಅಂದುಕೊಂಡಿದ್ದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ:

"ದೆವ್ವದ ಕಾಲಲ್ಲಿ ಏನಿತ್ತು?"

ಮನುಷ್ಯರ ಮುಖವನ್ನು ಅವರು ಕೊನೆಗೆ ನೋಡುತ್ತಿದ್ದರು, ಮೊದಲು ನೋಡುತ್ತಿದ್ದುದು ಕಾಲು. ಠಾಣೆಗೆ ಬಂದವರು ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಾರೋ ಇಲ್ಲವೋ, ಬಿಟ್ಟರೆ ಹೇಗೆ ಬಿಡುತ್ತಾರೆ, ಹಿಮ್ಮಡಿ ಯಾವ ಕಡೆ ಸವೆದಿದೆ, ಇಷ್ಟು ನೋಡಿದ ಮೇಲೆಯೇ ಕುರ್ಚಿ ತೋರಿಸುತ್ತಿದ್ದರು. ನನ್ನ ಎಡಗಾಲಿನ ಚಪ್ಪಲಿಗೆ ಉಂಗುಷ್ಠ ಬೇರೆ ಹಾಕಿಸಿದ್ದನ್ನು ನನ್ನ ಮನೆಯವರಿಗಿಂತ ಮೊದಲು ಗುರುತಿಸಿದವರು ಅವರು. ಹೊಳಲೂರಿನವರು, ಕಾನ್‌ಸ್ಟೆಬಲ್ ಆಗಿ ಸೇರಿ ಮೇಲೆ ಬಂದವರು. ಹಣೆಯ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಅಳಿಸಿ ಹೋಗಿರುತ್ತಿತ್ತು. ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಕಾಗದದ ಪೊಟ್ಟಣದಲ್ಲಿ ಖಾರ ಮಂಡಕ್ಕಿ ತಿನ್ನುವರು. ತಿಂದಾದ ಮೇಲೆ ಆ ಕಾಗದ ಬಿಡಿಸಿ ಓದುವರು. "ನಿಮ್ಮ ಸುದ್ದಿ ನಾನು ಓದೋದು ಇದ್ರಲ್ಲೇ ಕಣ್ರೀ. ಎಣ್ಣೆ ಹತ್ತಿದ ಮೇಲೆ ಸ್ವಲ್ಪ ರುಚಿ ಬರುತ್ತೆ" ಎಂದು ನನ್ನನ್ನು ಛೇಡಿಸುವರು.

ಸುದ್ದಿ ಕೊಡುವ ವಿಷಯದಲ್ಲಿ ಅವರಷ್ಟು ಜಿಪುಣ ಅಧಿಕಾರಿಯನ್ನು ನಾನು ಕಂಡಿಲ್ಲ. ಏನು ಕೇಳಿದರೂ ಒಂದೇ ಉತ್ತರ: "ತನಿಖೆ ನಡೀತಿದೆ ಅಂತ ಬರ್ಕೊಳ್ಳಿ. ಇಲ್ಲಿ ತನಿಖೆ ಒಂದು ಬಿಟ್ಟು ಎಲ್ಲಾ ನಡೀತಿದೆ, ಅದನ್ನ ಬರೀಬೇಡಿ."

ಸಿಟ್ಟು ಬಂದರೆ ಅವರು ಕೂಗುತ್ತಿರಲಿಲ್ಲ. ಬಗ್ಗಿ, ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಸರೋಜಮ್ಮ ಸತ್ತಿದ್ದ ಕೊಠಡಿಯ ಬಾಗಿಲು ತೆರೆಸಿದ ದಿನ ಎರಡೂ ಕಾಲಿನ ಲೇಸು ಬಿಚ್ಚಿದ್ದನ್ನು ನಾನು ನೋಡಿದೆ. ಒಳಗೆ ನಾಲ್ಕೂ ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ನೆಲವನ್ನು ಗಂಜಳ ಹಾಕಿ ತಿಕ್ಕಿ ತೊಳೆದಿದ್ದರು. ಬಾಗಿಲ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ. ನಡುವೆ ಹೋಮದ ಇಟ್ಟಿಗೆ ಇನ್ನೂ ಕಪ್ಪಾಗಿ ಕೂತಿತ್ತು. ಸಾವಾದ ಕೊಠಡಿಗೆ ಶುದ್ಧಿ ಮಾಡಿಸದೆ ಮಕ್ಕಳನ್ನು ಕಳಿಸುವುದಿಲ್ಲ ಎಂದು ಪೋಷಕರು ಪಟ್ಟು ಹಿಡಿದಿದ್ದರು, ಆದ್ದರಿಂದ ಮೂರನೇ ದಿನವೇ ಮಾಡಿಸಿದೆವು ಎಂದು ಆಡಳಿತ ಮಂಡಳಿಯವರು ಹೇಳಿದರು. ಬೆರಳಚ್ಚಿನ ತಜ್ಞರು ಪೆಟ್ಟಿಗೆ ತೆರೆಯದೆ ಶಿವಮೊಗ್ಗಕ್ಕೆ ಹಿಂದಿರುಗಿದರು.

ಶುದ್ಧಿ ಮಾಡಿಸಿ ಎಂದು ಮೊದಲು ಬಾಯಿಬಿಟ್ಟವರು ಯಾರು ಎಂಬುದನ್ನು ಹುಡುಕಲು ಹಾಲೇಶಪ್ಪ ಇಡೀ ವಾರ ತಿರುಗಿದರು. ಮಂಡಳಿಯವರು ಪೋಷಕರ ಕಡೆ ಕೈ ತೋರಿಸಿದರು. ಪೋಷಕರು ಪುರೋಹಿತರ ಕಡೆ ತೋರಿಸಿದರು. ಪುರೋಹಿತರು, ಮಂಡಳಿಯವರು ಕರೆದದ್ದಕ್ಕೆ ಬಂದೆ ಎಂದರು. ಹಾಲೇಶಪ್ಪನವರ ಜೊತೆಗಿದ್ದ ಹೆಡ್ ಕಾನ್‌ಸ್ಟೆಬಲ್ ಜಬೀವುಲ್ಲಾ ಭದ್ರಾವತಿಯವರೇ, ಓಲ್ಡ್ ಟೌನಿನ ಪ್ರತಿ ಅಂಗಡಿಯವನ ಅಡ್ಡಹೆಸರೂ ಗೊತ್ತಿದ್ದವರು. ಅವರು ತಲೆ ಕೆರೆದುಕೊಂಡು, "ಸರ್, ಈ ಹೋಮ ತಾನಾಗೇ ಆಯ್ತು ಅನ್ಸುತ್ತೆ. ಎಫ್‌ಐಆರ್‌ನಲ್ಲಿ ದೆವ್ವಾನೇ ಮಾಡಿಸ್ತು ಅಂತ ಬರ್ಕೊಳ್ಳೋಣ" ಎಂದರು. ಹಾಲೇಶಪ್ಪ ನಗಲಿಲ್ಲ.

ಅಷ್ಟರಲ್ಲಿ ಸ್ಥಳೀಯ ಠಾಣೆಯವರು ಶಾಲೆಯ ಹಿಂದೆ ಗುಜರಿ ಆಯುತ್ತಿದ್ದ ಒಬ್ಬನನ್ನು ಹಿಡಿದು ತಂದರು. ಮೇಲಧಿಕಾರಿಗಳಿಗೆ ಅಷ್ಟು ಸಾಕಾಗಿತ್ತು. ಹಾಲೇಶಪ್ಪನವರಿಗೆ ಸಾಕಾಗಲಿಲ್ಲ, ಏಕೆಂದರೆ ಅವರ ಹತ್ತಿರ ಆ ಹೊತ್ತಿಗೆ ಒಂದು ದೆವ್ವ ಇತ್ತು.

ಆ ವರ್ಷ ಶಾಲೆ ಶುರುವಾದಾಗಿನಿಂದಲೇ ಸಾಮಾನು ಕೊಠಡಿಯಲ್ಲಿ ಸಂಜೆ ದೆವ್ವ ಓಡಾಡುತ್ತದೆ ಎಂಬ ಮಾತಿತ್ತು. ಹಾಲೇಶಪ್ಪ ಒಂದೊಂದು ಮಗುವನ್ನೂ ಮಾತಾಡಿಸಿದರು. ಎಲ್ಲರ ದೆವ್ವವೂ ಬಿಳಿ ಸೀರೆ ಉಟ್ಟಿತ್ತು. ಎಲ್ಲರ ದೆವ್ವದ ಪಾದವೂ ಹಿಂದುಮುಂದಾಗಿತ್ತು. ನಾಲ್ಕನೇ ತರಗತಿಯ ಒಬ್ಬ ಹುಡುಗಿ ಮಾತ್ರ ಬೇರೆ ಹೇಳಿದಳು. ಅವಳ ಹೆಸರನ್ನು ನಮ್ಮ ಪತ್ರಿಕೆ ಆಗಲೂ ಬರೆಯಲಿಲ್ಲ, ನಾನು ಈಗಲೂ ಬರೆಯುವುದಿಲ್ಲ. ಹಾಲೇಶಪ್ಪ ಅವಳ ಮನೆಯ ಜಗಲಿಯಲ್ಲಿ, ಸಾದಾ ಅಂಗಿ ಪ್ಯಾಂಟಿನಲ್ಲಿ, ಅವಳ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು. ಆಯಾ ಸಾಯುವುದಕ್ಕೆ ಮುಂಚೆ ಒಂದು ಸಂಜೆ ಮರೆತ ನೀರಿನ ಬಾಟಲಿ ತರಲು ಶಾಲೆಗೆ ಹೋಗಿದ್ದೆ, ಕೊಠಡಿಯೊಳಗೆ ಹೋಗುವ ಮೊದಲು ದೆವ್ವ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟಿತು, ಜೋಡಿಸಿ ಇಟ್ಟಿತು ಎಂದಳು ಹುಡುಗಿ. ಮುಖ ನೋಡಿದೆಯಾ ಎಂದದ್ದಕ್ಕೆ ತಲೆ ತಗ್ಗಿಸಿದಳು. ಅವರು ಒತ್ತಾಯ ಮಾಡಲಿಲ್ಲ.

ಆ ಕೊಠಡಿಯ ಮೂಲೆಯಲ್ಲಿ ಶಾಲೆಯ ಶಾರದಾ ಪೂಜೆಯ ಮೂರ್ತಿ ಇಟ್ಟಿರುತ್ತಿದ್ದರು. ಅದಕ್ಕೇ ಶಾಲೆಯವರು ಯಾರೂ ಅಲ್ಲಿ ಚಪ್ಪಲಿ ಮೆಟ್ಟಿ ಒಳಗೆ ಹೋಗುತ್ತಿರಲಿಲ್ಲ. ಹೊರಗಿನವರಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ.

ಹಾಲೇಶಪ್ಪ ನನ್ನೊಡನೆ ಈ ಪ್ರಕರಣದ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದ್ದು ಒಂದೇ ಸಲ. ಅದೂ ಬರೆಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆ.

"ಆ ಗುಜರಿಯವನ ಕಾಲಲ್ಲಿ ಚಪ್ಪಲಿನೇ ಇಲ್ಲ, ಬಿಡೋದೆಲ್ಲಿಂದ? ಇದು ಒಳಗಿನ ದೆವ್ವ. ಸಂಜೆ ಹೊತ್ತು ಯಾರೋ ಆ ರೂಮಿಗೆ ಬರ್ತಿದ್ರು. ದೆವ್ವ ಇದೆ ಅನ್ನೋ ಸುದ್ದಿ ಅವರಿಗೆ ಬಾಗಿಲಿಗೆ ಬೀಗ ಹಾಕಿದಂಗೆ. ಸರೋಜಮ್ಮ ಒಬ್ಬಳೇ ಅದನ್ನ ನಂಬಲಿಲ್ಲ. ಒಳಗೆ ಹೋದ್ಲು, ಸತ್ಲು."

ಯಾರು ಎಂದು ಕೇಳಿದೆ.

"ಹುಡುಗಿ ಮುಖಾನೂ ನೋಡಿದಾಳೆ ರೀ. ತಲೆ ತಗ್ಗಿಸಿದ್ಲು, ಇಲ್ಲ ಅನ್ನಲಿಲ್ಲ. ಗೋಡೆಗೆ ಸುಣ್ಣ ಬಳಿದ್ರು, ಇವಳ ನೆನಪಿಗೆ ಬಳಿಯೋಕಾಗಲ್ಲ. ಅವಸರ ಮಾಡಬಾರದು. ಅವಳಾಗಿ ಹೇಳ್ತಾಳೆ."

ಅವಸರ ಮಾಡಿದವರು ಬೇರೆಯವರು. ಮಗಳ ಜಾಣತನವನ್ನು ತಾಯಿ ಹೆಮ್ಮೆಯಿಂದ ಮುಖ್ಯೋಪಾಧ್ಯಾಯಿನಿಗೆ ಹೇಳಿದರು. ದೆವ್ವದ ಭಯಕ್ಕೆ ಮಕ್ಕಳು ಶಾಲೆ ಬಿಡುತ್ತಿದ್ದ ಕಾಲ. ಮುಖ್ಯೋಪಾಧ್ಯಾಯಿನಿಗೆ ಆ ಭಯ ಓಡಿಸುವುದು ಬೇಕಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಹುಡುಗಿಯನ್ನು ವೇದಿಕೆಗೆ ಕರೆದರು. ಅದು ದೆವ್ವ ಅಲ್ಲ, ಚಪ್ಪಲಿ ಬಿಟ್ಟು ಒಳಗೆ ಹೋದ ಮನುಷ್ಯ ಎಂದು ಧೈರ್ಯವಾಗಿ ಪೊಲೀಸರಿಗೆ ಹೇಳಿದ ಹುಡುಗಿ ಇವಳು ಎಂದು ಮೈಕಿನಲ್ಲಿ ಹೇಳಿ, ಒಂದು ಪೆನ್ನು ಬಹುಮಾನ ಕೊಟ್ಟರು. ಮಕ್ಕಳು, ಶಿಕ್ಷಕರು, ಕಚೇರಿಯವರು, ಮಂಡಳಿಯಿಂದ ಬಂದಿದ್ದ ಇಬ್ಬರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಈ ಸುದ್ದಿಯನ್ನು ಜಬೀವುಲ್ಲಾ ತಂದು ಮುಟ್ಟಿಸಿದಾಗ ಹಾಲೇಶಪ್ಪ ಬಗ್ಗಿ ಲೇಸು ಬಿಚ್ಚಿದವರು ಬಹಳ ಹೊತ್ತು ಕಟ್ಟಲಿಲ್ಲವಂತೆ. ಅಂದೇ ಹುಡುಗಿಯ ಮನೆಯ ಮುಂದೆ ಒಬ್ಬ ಪೇದೆಯನ್ನು ನಿಲ್ಲಿಸಿ ಎಂದು ಮೇಲಧಿಕಾರಿಗಳಿಗೆ ಬರೆದುಕೊಂಡರು. ಗಣಪತಿ ಹಬ್ಬ ಹತ್ತಿರ ಬಂದಿತ್ತು. ಪೇದೆಗಳನ್ನೆಲ್ಲ ಬಂದೋಬಸ್ತಿಗೆ ಹಾಕಿದೆ, ಹಬ್ಬ ಮುಗಿಯಲಿ ಎಂಬ ಉತ್ತರ ಬಂತು. ಹಾಲೇಶಪ್ಪನವರನ್ನೂ ಶಿವಮೊಗ್ಗದ ಮೆರವಣಿಗೆಗೆ ಕರೆಸಿಕೊಂಡರು. ಗಾಂಧಿ ಬಜಾರಿನ ತಿರುವಿನಲ್ಲಿ ಹಗ್ಗ ಹಿಡಿದು ನಿಂತಿದ್ದವರನ್ನು ನಾನು ಕಂಡೆ. "ಕಳ್ಳನ್ನ ಹಿಡಿಯೋಕೆ ಸಂಬಳ, ಹಗ್ಗ ಹಿಡಿಯೋದು ಡ್ಯೂಟಿ" ಎಂದರು. ಡೋಲಿನ ಸದ್ದಿನಲ್ಲಿ ಅವರ ಫೋನು ಬಡಿದುಕೊಂಡದ್ದು ಅವರಿಗೆ ಕೇಳಿಸಲಿಲ್ಲ. ಅದು ಜಬೀವುಲ್ಲಾರ ಕರೆ. ಟ್ಯೂಷನ್ ಮುಗಿಸಿ ಹೊರಟ ಹುಡುಗಿ ಮನೆ ತಲುಪಿರಲಿಲ್ಲ.

ಅವರು ಭದ್ರಾವತಿ ಸೇರುವ ಹೊತ್ತಿಗೆ ಓಲ್ಡ್ ಟೌನ್ ತುಂಬ, ದೆವ್ವ ತನ್ನನ್ನು ಬಯಲು ಮಾಡಿದ ಹುಡುಗಿಯನ್ನು ಎತ್ತಿಕೊಂಡು ಹೋಯಿತು ಎಂಬ ಮಾತು ಹರಡಿತ್ತು. ಅರ್ಧ ಜನ ಟಾರ್ಚು, ನಿಂಬೆಹಣ್ಣು ಹಿಡಿದು ಸ್ಮಶಾನದ ಕಡೆ ಹುಡುಕುತ್ತಿದ್ದರು. ಹುಡುಗಿಯ ತಂದೆಯನ್ನು ಯಾರೋ ಅಂಜನ ಹಾಕಿ ನೋಡುವವರ ಹತ್ತಿರ ಕರೆದುಕೊಂಡು ಹೋಗಿದ್ದರು. ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಿದವರು ಒಬ್ಬರೂ ಇಲ್ಲ. ಕ್ಯಾಮೆರಾ ಇದ್ದ ಅಂಗಡಿಯವನೊಬ್ಬ, ಈ ದೆವ್ವದ ಕೇಸಿನಲ್ಲಿ ನಾನು ಬರಲ್ಲ ಎಂದು ಷಟರ್ ಎಳೆದುಕೊಂಡಿದ್ದ. ಜಬೀವುಲ್ಲಾ ಅವನ ಷಟರ್ ತಟ್ಟಿ, "ಅರೆ ಮಾರಾಯ, ದೆವ್ವ ಹೆಲ್ಮೆಟ್ ಹಾಕ್ಕೊಂಡು ಬರಲ್ಲ, ತೋರ್ಸು" ಎಂದರು. ಚಿತ್ರದಲ್ಲಿ ಬಂದದ್ದು ಹೆಲ್ಮೆಟ್ ಹಾಕಿದ ಬೈಕ್ ಸವಾರ, ಹಿಂದೆ ಹುಡುಗಿ. ಸಂಖ್ಯೆಯ ಫಲಕಕ್ಕೆ ಕೆಸರು ಮೆತ್ತಿತ್ತು. ಸವಾರನ ಕಾಲು ಚೌಕಟ್ಟಿನಿಂದ ಹೊರಗಿತ್ತು. ಹಾಲೇಶಪ್ಪ ಆ ತುಣುಕನ್ನು ಮತ್ತೆ ಮತ್ತೆ ಹಾಕಿಸಿದರು. ಕಾಲು ಕಾಣಲಿಲ್ಲ.

ಮರುದಿನ ಸಂಜೆ ಗಾಜನೂರಿನಲ್ಲಿ, ಅಣೆಕಟ್ಟಿನ ಹತ್ತಿರದ ಟೀ ಅಂಗಡಿಯ ಬೆಂಚಿನ ಮೇಲೆ ಹುಡುಗಿ ಸಿಕ್ಕಳು. ಅಂಗಡಿಯ ಹೆಂಗಸು, ಮಗು ಒಂಟಿಯಾಗಿ ನಡೆದು ಬರುತ್ತಿರುವುದನ್ನು ಕಂಡು ಕೂರಿಸಿ ಬನ್ನು ಕೊಟ್ಟಿದ್ದಳು. ಮೈಮೇಲೆ ಗಾಯವಿರಲಿಲ್ಲ. ನಾವು ತಲುಪಿದಾಗ ಹಾಲೇಶಪ್ಪ ಬೆಂಚಿನಿಂದ ದೂರದಲ್ಲಿ, ನಮಗೆ ಬೆನ್ನು ಹಾಕಿ ನಿಂತಿದ್ದರು. ಫೋಟೊ ತೆಗೆಯಲು ಹೋದವನ ಕೈಯನ್ನು ಜಬೀವುಲ್ಲಾ ಹಿಡಿದು ಕೆಳಗಿಳಿಸಿದರು.

ಕೆಲವು ದಿನ ಬಿಟ್ಟು ಇಬ್ಬರೂ ಹುಡುಗಿಯ ಮನೆಯ ಅದೇ ಜಗಲಿಗೆ ಹೋದರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ಜಬೀವುಲ್ಲಾ. ಯಾರು ಕರೆದುಕೊಂಡು ಹೋದರು ಎಂದರೆ, ದೆವ್ವ ಎಂದಳಂತೆ. ಹೇಗಿತ್ತು ಎಂದರೆ, ಬಿಳಿ ಸೀರೆ ಎಂದಳಂತೆ. ಹಾಲೇಶಪ್ಪ ಕೇಳಿದರು:

"ಕಾಲು, ಪುಟ್ಟಿ?"

"ಹಿಂದುಮುಂದಾಗಿತ್ತು ಸರ್."

"ಅವತ್ತು ರೂಮಿನ ಹತ್ರ ಚಪ್ಪಲಿ ಬಿಡ್ತು ಅಂದಿದ್ಯಲ್ಲ?"

"ದೆವ್ವಕ್ಕೆ ಚಪ್ಪಲಿ ಇರಲ್ಲ ಸರ್."

ತಾಯಿ ಎದ್ದು, ಇನ್ನು ಬರಬೇಡಿ ಸರ್, ಕೈ ಮುಗಿತೀನಿ ಎಂದರು. ಹಾಲೇಶಪ್ಪ ಹೊಸ್ತಿಲ ಹೊರಗೆ ಬಿಟ್ಟಿದ್ದ ಬೂಟು ಹಾಕಿಕೊಂಡರು. ಲೇಸು ಕಟ್ಟದೆ ರಸ್ತೆವರೆಗೂ ಹಾಗೇ ನಡೆದರು ಎಂದು ಜಬೀವುಲ್ಲಾ ಹೇಳಿದರು.

ಗುಜರಿಯವನು ಕೆಲವು ತಿಂಗಳ ಮೇಲೆ ಜಾಮೀನಿನಲ್ಲಿ ಹೊರಬಂದ, ಆಮೇಲೆ ಪ್ರಕರಣದಿಂದ ಕೈಬಿಟ್ಟರು. ಹಾಲೇಶಪ್ಪನವರಿಗೆ ವರ್ಗವಾಯಿತು. ಆರೋಪಿ ಪತ್ತೆಯಾಗಿಲ್ಲ ಎಂಬ ವರದಿ ನ್ಯಾಯಾಲಯಕ್ಕೆ ಹೋಯಿತು; ಪೊಲೀಸರ ಭಾಷೆಯಲ್ಲಿ ಅದು ಸಿ ರಿಪೋರ್ಟ್. ನಮ್ಮ ಪತ್ರಿಕೆಯ ಒಳಪುಟದಲ್ಲಿ ಅದು ನಾಲ್ಕು ಸಾಲಾಗಿ ಬಂತು. ಕೊಠಡಿಗೆ ಶಾಲೆಯವರು ಟೈಲ್ಸ್ ಹಾಕಿಸಿದರು.

ಹಾಲೇಶಪ್ಪ ನಿವೃತ್ತರಾದ ಮೇಲೆ ಹೊಳಲೂರಿನ ಅವರ ಮನೆಗೆ ಆಗೀಗ ಹೋಗುತ್ತಿದ್ದೆ. ಕೊನೆಯ ಸಲ ಹೋದದ್ದು ಕಳೆದ ಬೇಸಿಗೆಯಲ್ಲಿ. ಬಾಗಿಲಲ್ಲಿ ಬಿಟ್ಟ ನನ್ನ ಚಪ್ಪಲಿ ನೋಡಿ, "ಬಲಗಾಲು ಎಳೀತಿದೀರಿ, ಸಕ್ಕರೆ ಕಾಯಿಲೆ ಚೆಕ್ ಮಾಡಿಸಿ" ಎಂದರು. ಮಂಡಕ್ಕಿ ತರಿಸಿದರು. ಎಣ್ಣೆ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಅವರದು ಒಣ ಮಂಡಕ್ಕಿ. ರಾಜಕೀಯ, ಹೊಸ ಇನ್‌ಸ್ಪೆಕ್ಟರುಗಳ ರೀಲ್ಸ್ ಹುಚ್ಚು, ಎಲ್ಲ ಮಾತಾಡಿದ ಮೇಲೆ, ಪ್ರತಿ ಸಲದಂತೆ ಕೇಳಿದರು: "ಆ ಹುಡುಗಿ ಈಗ ಏನು ಓದ್ತಿದಾಳೆ?" ಪಿಯುಸಿ ಮುಗಿಸಿದ್ದಾಳಂತೆ ಎಂದೆ. ಒಮ್ಮೆ ಹೋಗಿ ಮಾತಾಡಿಸಬಹುದಲ್ಲ ಎಂದೂ ಅಂದೆ.

"ನಾನು ಹೋದ್ರೆ ಮತ್ತೆ ಅದೇ ಜಗಲಿ, ಅದೇ ಪ್ರಶ್ನೆ. ಬೇಡ ರೀ. ಅವಳಿಗೆ ಹೇಳಬೇಕು ಅನ್ಸಿದ ದಿನ ಹೇಳ್ತಾಳೆ. ಆವತ್ತು ಕೇಳಿಸಿಕೊಳ್ಳೋಕೆ ಒಬ್ಬರು ಕುರ್ಚಿಯಲ್ಲಿ ಕೂತಿರಬೇಕು, ಅಷ್ಟೇ."

ಈ ವರ್ಷದ ಜುಲೈನಲ್ಲಿ ಹಾಲೇಶಪ್ಪ ಹೃದಯಾಘಾತದಿಂದ ತೀರಿಕೊಂಡರು.

ಗೌರಿ ಹಬ್ಬದ ಮಾರನೇ ವಾರ ಹದಿನೆಂಟು ತುಂಬಿದ ಯುವತಿಯೊಬ್ಬಳು ಹೊಳಲೂರಿನ ಅವರ ಮನೆಗೆ ಬಂದಳು. ಅವರು ತೀರಿಕೊಂಡದ್ದು ಅವಳಿಗೆ ಗೊತ್ತಿರಲಿಲ್ಲ. ಫೋಟೊಗೆ ಹಾಕಿದ್ದ ಹಾರ ನೋಡಿ ಬಾಗಿಲಲ್ಲೇ ನಿಂತು, "ಅವರು ಒಂದು ವಿಷಯ ಕೇಳಿದ್ರು ಆಂಟಿ, ಅದನ್ನ ಹೇಳೋಣ ಅಂತ ಬಂದೆ" ಎಂದು ಅವರ ಹೆಂಡತಿಗೆ ಹೇಳಿದಳು. ಹೆಂಡತಿ ಜಬೀವುಲ್ಲಾರಿಗೆ ಫೋನ್ ಮಾಡಿದರು. ಮರುದಿನ ಜಬೀವುಲ್ಲಾ ಅವಳನ್ನು ಭದ್ರಾವತಿಯ ಠಾಣೆಗೆ ಕರೆದುಕೊಂಡು ಹೋದರು. ಹೇಳಿಕೆ ಪಡೆಯಬೇಕಾದ ಇನ್‌ಸ್ಪೆಕ್ಟರ್, ಗಣಪತಿ ಮೆರವಣಿಗೆಯ ಬಂದೋಬಸ್ತಿಗೆ ಶಿವಮೊಗ್ಗಕ್ಕೆ ಹೋಗಿದ್ದರು. ಹಬ್ಬ ಮುಗಿದ ಮೇಲೆ ಬರುವಂತೆ ಠಾಣೆಯಲ್ಲಿದ್ದವರು ತಿಳಿಸಿದರು. ಈ ಬರಹ ಮುಗಿಸುವ ಹೊತ್ತಿಗೆ ಹೇಳಿಕೆ ದಾಖಲಾಗಿಲ್ಲ.