ಅಣ್ಣ ಕೈ ಮುಗಿಯದ ಕ್ಷಮಾವಣಿ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಶಿರ್ತಾಡಿಯ ನಮ್ಮ ಮನೆಯಲ್ಲಿ ಸೋಸದ ನೀರನ್ನು ಯಾರೂ ಬಾಯಿಗೆ ಹಾಕುತ್ತಿರಲಿಲ್ಲ. ಬಾವಿಯಿಂದ ಸೇದಿದ ನೀರನ್ನು ಮಡಿಸಿದ ಬಿಳಿ ಬಟ್ಟೆಯಲ್ಲಿ ಸೋಸಬೇಕು. ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಬಟ್ಟೆಯಲ್ಲಿ ಉಳಿದ, ಕಣ್ಣಿಗೂ ಕಾಣದ ಜೀವಗಳನ್ನು ಸೋಸಿದ ನೀರಿನಲ್ಲೇ ತೊಳೆದು, ಅವು ಬಂದ ಬಾವಿಗೇ ಕೊಡದಲ್ಲಿ ಮೆಲ್ಲಗೆ ಇಳಿಸಬೇಕು. ಮೇಲಿನಿಂದ ಸುರಿದರೆ ಅಪ್ಪ ಗದರುತ್ತಿದ್ದರು. ಜೈನರ ಮನೆಯ ಮಕ್ಕಳಾದ ನಮಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ ಇದು. ನನಗೆ ಅವಸರವೇ ಹೆಚ್ಚು, ಅರ್ಧ ನೀರು ಲಂಗದ ಮೇಲೆ. ಅಣ್ಣ ಮಾತ್ರ ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ಜೋಪಾನವಾಗಿ ಇಳಿಸುತ್ತಿದ್ದ.

ಆ ಅಣ್ಣ ಸೈನ್ಯಕ್ಕೆ ಸೇರಿದ. ಒಂದು ಚಳಿಗಾಲದಲ್ಲಿ ಯುದ್ಧವೂ ಬಂತು. ನಾವೆಲ್ಲ ರೇಡಿಯೋದ ಮುಂದೆ ಉಸಿರು ಬಿಗಿಹಿಡಿದು ಕೂತೆವು. ಗೆದ್ದ ಸುದ್ದಿ ಬಂದ ದಿನ ಅಪ್ಪ ಬೆಲ್ಲದ ಅಚ್ಚು ಒಡೆದು, ರಸ್ತೆಯಲ್ಲಿ ಹೋಗುವವರನ್ನೆಲ್ಲ ಕರೆದು ಹಂಚಿದರು. ನಾನು ಚಪ್ಪಾಳೆ ತಟ್ಟುತ್ತಾ ಅಂಗಳದ ತುಂಬ ಓಡಾಡಿದ್ದೆ, ಅಂಗೈಯೆಲ್ಲ ಬೆಲ್ಲದ ಅಂಟು.

ಮುಂದಿನ ವರ್ಷ ಅಣ್ಣ ರಜೆಯಲ್ಲಿ ಬಂದಾಗ ಹತ್ತು ದಿನಗಳ ವ್ರತದ ದಶಲಕ್ಷಣ ಪರ್ವ ಮುಗಿದಿತ್ತು. ಮರುದಿನವೇ ಕ್ಷಮಾವಣಿ. ಅಂದು ಒಬ್ಬರ ಮುಂದೆ ಒಬ್ಬರು ನಿಂತು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕೈ ಮುಗಿದು ಕ್ಷಮೆ ಕೇಳುವ ಪದ್ಧತಿ. ನಮ್ಮ ಮನೆಯಲ್ಲಿ ಚಿಕ್ಕವರೇ ಮೊದಲು ಕೇಳಬೇಕು. ಮನೆಯಲ್ಲಿ ಮುಗಿಸಿ ಬಸದಿಗೆ ಹೋದರೆ ಅಲ್ಲಿ ಊರಿನವರು. ಆ ವರ್ಷ ಅವರು ಅಣ್ಣನಿಗೆ ಹಾಕಲು ಮಲ್ಲಿಗೆಯ ಹಾರ ತಂದಿಟ್ಟಿದ್ದಾರೆ ಎಂದು ಹಿಂದಿನ ದಿನವೇ ಸುದ್ದಿ ಬಂದಿತ್ತು.

ಬೆಳಿಗ್ಗೆ ಅಣ್ಣ ಬಾವಿಯ ಹತ್ತಿರ ನೀರು ಸೋಸುತ್ತಿದ್ದ. ಬಟ್ಟೆ ತೊಳೆದ ನೀರನ್ನು ಮೊದಲಿನಷ್ಟೇ ಜೋಪಾನವಾಗಿ ಕೊಡದಲ್ಲಿ ಇಳಿಸಿದ. ಅಮ್ಮ ಒಳಗೆ ಕರೆದರು. ಚಾವಡಿಯಲ್ಲಿ ನಾನು ಎಲ್ಲರಿಗೂ ಕೈ ಮುಗಿದೆ. ಅಣ್ಣನ ಸರದಿ ಬಂದಾಗ ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟ.

"ಎಂತ ಮಗಾ? ಬಸದಿಯಲ್ಲಿ ಎಲ್ಲರೂ ಕಾಯ್ತಾ ಇದ್ದಾರೆ" ಎಂದರು ಅಪ್ಪ.

"ನಾನು ಬರುದಿಲ್ಲ ಅಪ್ಪ. ನಾನು ಒಬ್ಬನನ್ನು ಕೊಂದಿದ್ದೇನೆ. ಹತ್ತಿರದಿಂದ. ಅವನ ಮುಖ ನನಗೆ ಗೊತ್ತುಂಟು."

ಅಪ್ಪ, "ಊರು ಕಾಯುವ ಸಂಸಾರಿಗೆ ಮೇಲೆ ಬಿದ್ದವರ ಎದುರು ನಿಲ್ಲಲಿಕ್ಕೆ ಧರ್ಮದಲ್ಲಿ ಅವಕಾಶ ಉಂಟು. ನೀನು ಬೇಕು ಅಂತ ಹುಡುಕಿಕೊಂಡು ಹೋಗಿ ಕೊಂದದ್ದಲ್ಲ" ಎಂದರು.

"ಅವಕಾಶ ಉಂಟು. ಅದು ಹಿಂಸೆ ಅಲ್ಲ ಅಂತ ಉಂಟಾ?"

ಅಪ್ಪ ಪ್ರತಿದಿನ ಶಾಸ್ತ್ರ ಓದುತ್ತಿದ್ದವರು. ಇಲ್ಲದ್ದನ್ನು ಉಂಟು ಎನ್ನುವ ಜಾಯಮಾನ ಅವರದ್ದಲ್ಲ. ಇಲ್ಲ ಎಂದು ತಲೆಯಲ್ಲಾಡಿಸಿದರು.

"ಕ್ಷಮೆ ಕೇಳುದು ಅಂದ್ರೆ ಇನ್ನು ಮಾಡುದಿಲ್ಲ ಅಂತ ಅಲ್ವಾ? ನಾಡಿದ್ದು ನನಗೆ ವಾಪಸ್ ಹೋಗ್ಲಿಕ್ಕುಂಟು. ಮೇಲಿನವರು ಹೇಳಿದ್ರೆ ಮತ್ತೆ ಗುಂಡು ಹಾರಿಸ್ಬೇಕು. ಬಿಟ್ಟು ಬಂದ್ರೆ ನನ್ನ ಜಾಗದಲ್ಲಿ ಇನ್ನೊಬ್ಬ ನಿಲ್ತಾನೆ, ಈ ಪಾಪ ಅವನ ಕೈಗೆ ಹೋಗ್ತದೆ. ಸುಳ್ಳು ಹೇಳಿ ಹೇಗೆ ಕೈ ಮುಗಿಯುದು?"

ಹೊರಗೆ ಹೋದರೆ ಹಾರ, ಒಳಗೆ ಕೂತರೆ ಆ ಮುಖ. ನನ್ನ ಅಣ್ಣ ಸ್ವಂತ ಮನೆಯ ಚಾವಡಿಯಲ್ಲೇ ಸಿಕ್ಕಿಬಿದ್ದಿದ್ದ. ಬಾಗಿಲು ತೆರೆದೇ ಇತ್ತು, ಆದರೂ ನನಗೆ ಜೋರಾಗಿ ಅಳು ಬಂತು. ದೂರದಿಂದ ಬಸದಿಯ ಗಂಟೆ ಕೇಳಿಸುತ್ತಿತ್ತು.

ಆಗ ಅಪ್ಪ ಹೆಗಲ ಮೇಲಿನ ಶಾಲು ತೆಗೆದಿಟ್ಟರು. ತಮಗಿಂತ ಚಿಕ್ಕವರ ಮುಂದೆ ಅವರು ಮೊದಲಾಗಿ ಕೈ ಮುಗಿದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅಂದು ಅಣ್ಣನ ಮುಂದೆ ಹೋಗಿ, ಬೆನ್ನು ಬಗ್ಗಿಸಿ ಕೈ ಮುಗಿದರು.

"ನನ್ನನ್ನು ಕ್ಷಮಿಸು ಮಗಾ. ನೀನು ಅಲ್ಲಿ ಕೊಲ್ಲುವಾಗ ನಾನು ಇಲ್ಲಿ ನೀರು ಸೋಸಿ ಕುಡಿದು, ನನ್ನ ಕೈ ಚೊಕ್ಕ ಉಂಟು ಅಂತ ಕೂತಿದ್ದೆ. ಮತ್ತೆ ಬೆಲ್ಲ ಹಂಚಿದೆ. ಆ ಪಾಪದಲ್ಲಿ ನನ್ನ ಪಾಲೂ ಉಂಟು."

ಅಣ್ಣ ಅಪ್ಪನ ಕೈಗಳನ್ನು ಹಿಡಿದುಕೊಂಡು ಅತ್ತ. ಕೈ ಮಾತ್ರ ಮುಗಿಯಲಿಲ್ಲ. ಅಂದು ನಮ್ಮ ಮನೆಯಿಂದ ಯಾರೂ ಬಸದಿಗೆ ಹೋಗಲಿಲ್ಲ. ಹಾರ ಏನಾಯಿತೋ ನಾನು ಕೇಳಲಿಲ್ಲ. ಎರಡು ದಿನ ಕಳೆದು ಅಣ್ಣ ಮೂಡುಬಿದಿರೆಯ ಬಸ್ಸು ಹತ್ತುವಾಗ ಅಮ್ಮ ಅವನ ಟ್ರಂಕಿನಲ್ಲಿ ನೀರು ಸೋಸುವ ಬಟ್ಟೆಯನ್ನು ಮಡಚಿ ಇಟ್ಟಿದ್ದರು.

ಅವನು ಸೈನ್ಯದಿಂದ ನಿವೃತ್ತನಾಗಿ ಬಂದ ವರ್ಷ ನಮ್ಮೆಲ್ಲರಿಗೂ ಕೈ ಮುಗಿದ. ಆಮೇಲೆ ಒಬ್ಬನೇ ಬಾವಿಯ ಹತ್ತಿರ ಹೋಗಿ, ಗಡಿಯ ದಿಕ್ಕಿಗೆ ಮುಖ ಮಾಡಿ ತುಂಬ ಹೊತ್ತು ಕೈ ಮುಗಿದು ನಿಂತ. ತೀರಿಕೊಳ್ಳುವವರೆಗೂ ಪ್ರತಿ ಕ್ಷಮಾವಣಿಗೆ ಹಾಗೆಯೇ ನಿಲ್ಲುತ್ತಿದ್ದ. ಅತ್ತ ಕಡೆಯಿಂದ ಕ್ಷಮಿಸಿದೆ ಎಂದು ಹೇಳುವವರು ಯಾರು?

ಮಕ್ಕಳೇ, ಈಗ ನಮ್ಮ ಮನೆಯ ನೀರು ನಲ್ಲಿಯಲ್ಲಿ ಬರುತ್ತದೆ, ಗೋಡೆಯ ಫಿಲ್ಟರು ಸೋಸಿ ಕೊಡುತ್ತದೆ. ಅದರಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ನನಗೂ ಗೊತ್ತಿಲ್ಲ. ಕ್ಷಮಾವಣಿಯೂ ನಿಮ್ಮ ಮೊಬೈಲಿಗೆ ಬಂದಿದೆ. ಒಂದು ಚಿತ್ರ, ಕೆಳಗೊಂದು ಸಾಲು, ಒತ್ತಿದರೆ ಗುಂಪಿನವರಿಗೆಲ್ಲ ಒಟ್ಟಿಗೆ ತಲುಪುತ್ತದೆ. ಮೊನ್ನೆ ಟಿವಿಯಲ್ಲಿ ಯುದ್ಧದ ಸುದ್ದಿ ಬಂದಾಗ ನೀವು ಸೋಫಾದ ಮೇಲೆ ಹಾರಿ ಚಪ್ಪಾಳೆ ತಟ್ಟಿದಿರಿ. ಬೈಯುವ ಬಾಯಿ ನನಗಿಲ್ಲ, ನಾನೂ ಬೆಲ್ಲ ತಿಂದವಳೇ.

ಆದರೆ ಈ ಸಲ ಮೆಸೇಜು ಕಳಿಸಿ ಮುಗಿದ ಮೇಲೆ ಬಾವಿಯ ಹತ್ತಿರ ಬನ್ನಿ. ಅಣ್ಣ ನಿಲ್ಲುತ್ತಿದ್ದ ಜಾಗ ತೋರಿಸುತ್ತೇನೆ. ಯಾರ ನಂಬರ್ ನಮ್ಮ ಹತ್ತಿರ ಇಲ್ಲವೋ ಅವರ ಕ್ಷಮೆಯನ್ನು ಅಲ್ಲಿ ನಿಂತೇ ಕೇಳಬೇಕು.