ಏಳನೆಯ ಸಾಲು

ಮೊಮ್ಮಕ್ಕಳೇ, ನಿಮ್ಮ ತಾತ ಹೋದ ಮೇಲೆ ನಾನು ಕೂಡ್ಲಿಗಿ ಕಡೆಯ ಶೇಂಗಾ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಿದ್ದೆ. ನಮ್ಮದು ಏಳು ಹೆಂಗಸರ ಗುಂಪು. ಒಬ್ಬೊಬ್ಬಳಿಗೆ ಒಂದೊಂದು ಸಾಲು. ಯಾರಿಗಾದರೂ ಮೈ ಸರಿ ಇಲ್ಲದಿದ್ದರೆ ಅಕ್ಕಪಕ್ಕದವರು ಕೈ ಚಾಚಿ ಅವಳ ಸಾಲನ್ನೂ ಮುಗಿಸಿಕೊಡುವುದು ರೂಢಿ.

ನಾಲ್ಕೈದು ವರ್ಷದ ಹಿಂದೆ ನಮ್ಮಲ್ಲೊಬ್ಬಳು ಕಾಮಾಲೆಯಾಗಿ ತೀರಿಕೊಂಡಳು. ಅವಳ ಪುಟ್ಟ ಮಗಳು ಅಜ್ಜಿಯ ಪಾಲಾದಳು. ನಾವು ಅವಳ ಸಾಲನ್ನು ಬಿಡಲಿಲ್ಲ. ಹೊಲದ ಗೌಡರು ಸಂಜೆ ಬಂದು, ತಲೆ ಎಣಿಸದೆ ಸಾಲು ನೋಡಿ ಕೂಲಿ ಕೊಡುತ್ತಿದ್ದರು. ಏಳನೆಯ ಕೂಲಿ ಆ ಮಗುವಿನ ಮನೆಗೆ ಹೋಗುತ್ತಿತ್ತು.

ಆಗಲೇ ಹೆಂಗಸರ ದುಡಿಮೆಯ ಬಗ್ಗೆ ಸಂಶೋಧನೆ ಮಾಡುವ ಮೇಡಂ ಒಬ್ಬರು ಬಂದು ಗೌಡರ ಮನೆಯಲ್ಲಿ ಇಳಿದುಕೊಂಡರು. ದಿನವಿಡೀ ಬದುವಿನ ಮೇಲೆ ಕುಳಿತು, ಯಾರ ಕೈ ಎಲ್ಲಿ ಹೋಯಿತೆಂಬುದನ್ನೂ ಬರೆದುಕೊಳ್ಳುತ್ತಿದ್ದರು. ಅವರ ಪುಸ್ತಕದಲ್ಲಿ ಆರು ಮಂದಿ ಎಂದು ಬಿದ್ದರೆ ಗೌಡರಿಗೂ ತಿಳಿಯುತ್ತದೆ, ಮಗುವಿನ ಕೂಲಿ ನಿಲ್ಲುತ್ತದೆ ಎಂದು ನನಗೆ ಭಯ.

ಸತ್ತವಳ ಸಾಲು ನನ್ನ ಎಡಕ್ಕಿತ್ತು. ಒಂದು ದಿನ ಎಡಗೈಗೆ ಜಾಲಿಮುಳ್ಳು ಚುಚ್ಚಿ ಬಾತುಕೊಂಡು, ನಾನು ಆ ಕಡೆ ಕೈ ಹಾಕಲೇ ಇಲ್ಲ. ಆಚೆ ಸಾಲಿನ ಗೆಳತಿ ತೆಗೆಯುತ್ತಾಳೆ ಎಂದುಕೊಂಡೆ.

ಹೊತ್ತು ಇಳಿದಾಗ ಮೇಡಂ ನಮ್ಮಿಬ್ಬರ ಹತ್ತಿರ ಬಂದು, ನಡುವಿನ ಸಾಲನ್ನು ತೆಗೆದವರು ಯಾರೆಂದು ಕೇಳಿದರು. ನಾನು ಗೆಳತಿಯ ಮುಖ ನೋಡಿದೆ.

"ನೀ ತಗದಿ ಅನ್ಕಂಡಿದ್ನಲ್ಲ ಅಕ್ಕಾ. ನಾ ಅತ್ಲಾಗ ಕೈನ ಹಾಕಿಲ್ಲ," ಎಂದಳು ಅವಳು.

ನೀವಿಬ್ಬರೂ ಕೈ ಚಾಚಿದ್ದನ್ನು ನಾನೂ ಕಾಣಲಿಲ್ಲ ಎಂದರು ಮೇಡಂ, ಮೆಲ್ಲಗೆ. ಉಳಿದ ನಾಲ್ವರು ದೂರದ ಸಾಲುಗಳಲ್ಲಿದ್ದರು.

ಸಾಲು ಚೊಕ್ಕವಾಗಿತ್ತು. ಕೆದರಿದ ಮಣ್ಣು ಇನ್ನೂ ಹಸಿ. ಕಿತ್ತ ಕಳೆ ಬೇರು ಮೇಲಾಗಿ, ಸಣ್ಣ ಸಣ್ಣ ಗುಡ್ಡೆಯಾಗಿ ಕೂತಿತ್ತು. ಹಾಗೆ ಇಡುತ್ತಿದ್ದವಳು ನಮ್ಮಲ್ಲಿ ಆ ಸತ್ತವಳೊಬ್ಬಳೇ.

"ಸತ್ರೂ ಗೌಡ್ರ ಹೊಲ ಬಿಡವಲ್ಲಳು ನೋಡು ಇಕಿ," ಎಂದು ಗೆಳತಿ ನಗಲು ನೋಡಿದಳು. ಯಾರಿಗೂ ನಗು ಬರಲಿಲ್ಲ.

ಗೌಡರ ಬೈಕಿನ ಸದ್ದು ಕೇಳಿಸಿತು. ಅಲ್ಲಿಯವರೆಗೆ ಮೇಡಂ ಎದುರು ಬಾಯಿಬಿಡದಿದ್ದ ನಾನು ಹೇಳಿದೆ: "ಏಳು ಮಂದಿ ಅಂತ ಬರ್ಕೊಳ್ರಿ. ಅಕಿನೂ ದುಡ್ದಾಳ್ರಿ."

ಅವರು ಆ ಸಾಲನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಆರನ್ನು ಹೊಡೆದು ಏಳು ಎಂದು ಬರೆದರು. ಗೌಡರು ಏಳು ಕೂಲಿ ಕೊಟ್ಟರು. ಊರಿಗೆ ಹೊರಟಾಗ ಮೇಡಂ ನಮ್ಮ ಹಿಂದೆ ನಡೆದು ಬಂದರು, ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗ ಬಿಟ್ಟು.