ಬೀರುವಿನ ಮೇಲಿನ ಪೇಟ

ನಮ್ಮ ಮನೆಯ ಬೀರುವಿನ ಮೇಲೆ, ಹಳೆಯ ಹೊದಿಕೆಗಳ ಗಂಟಿಗೂ ಕೆಟ್ಟುಹೋದ ಟೇಬಲ್ ಫ್ಯಾನಿಗೂ ನಡುವೆ, ಒಂದು ಜರಿಪೇಟ ಕುಳಿತಿದೆ. ಸುತ್ತಿ ಕಟ್ಟಿದ ಪೇಟವಲ್ಲ ಅದು. ಒಳಗೆ ರಟ್ಟು ಕೊಟ್ಟು ಮೇಲೆ ಬಟ್ಟೆ ಅಂಟಿಸಿದ್ದು. ಬಿಚ್ಚಿ ಹೊದೆಯಲು ಬಾರದು, ಒಗೆಯಲು ಬಾರದು, ಸನ್ಮಾನಕ್ಕೆ ತೊಡಿಸುವಂಥದ್ದಾದ್ದರಿಂದ ಎಸೆಯಲು ಮನಸ್ಸೂ ಬಾರದು. ಕಂಡಾಗಲೆಲ್ಲ ನನ್ನವಳಿಗೆ ನಗು. “ಮಹಾರಾಜರೇ, ಒಸಿ ರಾಗಿ ಬೀಸಿಸ್ಕೊಂಡು ಬತ್ತೀರಾ?” ಎಂದು ಚೀಲವನ್ನು ಕೈಗಿಡುತ್ತಾಳೆ. ಮೊದಮೊದಲು ನಾನೂ ನಗುತ್ತಿದ್ದೆ. ಈಗ ಚೀಲ ತೆಗೆದುಕೊಂಡು ಸುಮ್ಮನೆ ಹೊರಡುತ್ತೇನೆ.

ಅದು ನನ್ನ ತಲೆಗೇರಿದ ಬಗೆಯನ್ನು ನಿಮಗೆ ಹೇಳಬೇಕು. ಹೊರಗಿನವರು ಹೆಗ್ಗಡದೇವನಕೋಟೆ ಎನ್ನುವ ನಮ್ಮ ಕೋಟೆಗೆ, ಬಹಳ ಹಿಂದೆ, ಕಾಡಿಗೆ ಹೋಗುವ ದಾರಿಯಲ್ಲಿ ದೊರೆಗಳು ಬಂದಿದ್ದರಂತೆ. ಕಾರಿನಿಂದಿಳಿದು, ಎಳನೀರು ಕುಡಿದು, ಪ್ರಜೆಗಳ ಅಹವಾಲು ಕೇಳಿದರಂತೆ. ಇದೇ ಹೋದ ಬೇಸಿಗೆಯಲ್ಲಿ ಊರಿನ ಉತ್ಸಾಹಿಗಳು ಆ ದಿನವನ್ನು ಇದ್ದ ಹಾಗೆಯೇ ಮತ್ತೆ ನಡೆಸಿ ತೋರಿಸಲು ಹೊರಟರು. ರಾಜನಾಗುವವನಿಗೆ ಬೇಕಾದದ್ದು ದಪ್ಪ ಮೀಸೆ, ದುಂಡು ಹೊಟ್ಟೆ ಮತ್ತು ಮಾಡಲು ಬೇರೆ ಕೆಲಸವಿಲ್ಲದಿರುವುದು, ಎಲ್ಲವೂ ನನ್ನಲ್ಲಿದ್ದವು. ಕಂಡಕ್ಟರಾಗಿ ಜೀವಮಾನವೆಲ್ಲ “ಮುಂದಕ್ಕೋಗಿ, ಮುಂದಕ್ಕೋಗಿ” ಎಂದು ಜನರ ಬೆನ್ನ ಹಿಂದೆ ಕೂಗಿದವನಿಗೆ, ಜನ ತಾವಾಗಿಯೇ ಸರಿದು ದಾರಿ ಬಿಡುವ ಸುಖ ಬೇಡವೆನಿಸಲಿಲ್ಲ.

ಬೀದಿಗೆಲ್ಲ ಮಾವಿನ ತೋರಣ, ಬಾಳೆಕಂದು. ಹುಡುಗರು ಉದ್ದ ಕೋಟು ತೊಟ್ಟು, ಪಂಚೆಯ ಕಚ್ಚೆಯನ್ನು ಹೆಜ್ಜೆಹೆಜ್ಜೆಗೂ ಸರಿಮಾಡಿಕೊಳ್ಳುತ್ತಿದ್ದರು. ಹಳೇ ಕಾರು ಸಿಗದೆ ಯಾರದೋ ಹೊಸ ಜೀಪಿಗೆ ಸೇವಂತಿಗೆ ಮುಚ್ಚಿ ನನ್ನನ್ನು ಕೂರಿಸಿದರು. ವಾಲಗ, ಕಹಳೆ, ಎಳನೀರು ಎಲ್ಲ ಮುಗಿದು ಅಹವಾಲಿನ ಸರದಿ ಬಂತು. ಮೊದಲೇ ಗೊತ್ತುಮಾಡಿದ್ದ ಹುಡುಗರು ಒಬ್ಬೊಬ್ಬರಾಗಿ ಬಂದು ಶಾಲೆ ಬೇಕು, ಬಾವಿ ಬೇಕು, ಆಸ್ಪತ್ರೆ ಬೇಕು ಎಂದರು. ನಾನು ಪ್ರತಿ ಸಲವೂ ಕೈ ಎತ್ತಿ “ಮಂಜೂರು ಮಾಡಿದ್ದೇವೆ” ಎಂದೆ. ಪ್ರತಿ ಸಲವೂ ವಾಲಗ ಮೊಳಗಿತು. ನಿಜ ಹೇಳುತ್ತೇನೆ, ಆಸ್ಪತ್ರೆಯ ಹೊತ್ತಿಗೆ ನನಗೇ ನಂಬಿಕೆ ಬಂದುಬಿಟ್ಟಿತ್ತು. ಕೈ ಎತ್ತಿದ ಮಾತ್ರಕ್ಕೆ ಗೋಡೆಗಳು ಏಳುವ ನಾಡೊಂದು ಎಂದೋ ಇದ್ದಿರಲೇಬೇಕು ಎನಿಸಿ ಎದೆ ತುಂಬಿತು.

ಆಗ ಜನರ ನಡುವಿನಿಂದ ಒಬ್ಬ ಮುದುಕಿ ಕೋಲೂರಿಕೊಂಡು ನೇರ ನನ್ನೆದುರು ಬಂದು ನಿಂತಳು. ನಾನು ಬಲ್ಲ ದೇವೀರಮ್ಮ. ಅಂತರಸಂತೆಯ ಆಚೆ, ಕಾಡಂಚಿನ ಅವಳ ಹಳ್ಳಿಗೆ ಮುಂಚೆ ಒಂದು ಹಳ್ಳ ಅಡ್ಡ ಹರಿಯುತ್ತದೆ. ನನ್ನ ಬಸ್ಸು ಅದರ ಈಚೆ ದಡದಲ್ಲೇ ತಿರುಗುತ್ತಿತ್ತು. ಜನ ಇಳಿದು, ಬಟ್ಟೆ ಎತ್ತಿ ಕಟ್ಟಿ, ನೀರು ದಾಟಿ ಹೋಗುವುದನ್ನು ಕಿಟಕಿಯಿಂದ ನೋಡಿ ನಾನು ಸೀಟಿ ಊದುತ್ತಿದ್ದೆ.

“ನೀನು ಕಂಡಕ್ಟ್ರು ಅಂತ ಗೊತ್ತು ಕಣಪ್ಪ,” ಎಂದಳು. “ನಿಜವಾದೋರ ಮುಂದೆಲ್ಲಾ ಕೈ ಮುಗ್ದಿದ್ದಾಯ್ತು. ಸುಳ್ಳು ರಾಜನ್ನಾದ್ರೂ ಒಂದ್ಸಲ ಕೇಳಿಬುಡಾಣ ಅಂತ ಬಂದೆ. ನಮ್ಮ ಅಳ್ಳಕ್ಕೊಂದು ಸೇತ್ವೆ ಆಕ್ಸಿಕೊಡು. ಶ್ರಾವಣಕ್ಕೆ ಮೊಮ್ಮಗಳಿಗೆ ದಿನ ತುಂಬ್ತದೆ.”

ಆ ಮೊಮ್ಮಗಳು ಹುಟ್ಟಿದ ಕಥೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಹಳ್ಳ ತುಂಬಿದ ದಿನ, ಮಂಚದ ಮೇಲೆ ಹೊತ್ತು ತಂದ ತಾಯಿಯನ್ನು ದಾಟಿಸಲಾಗದೆ, ದಡದಲ್ಲೇ ಹೆರಿಗೆಯಾಯಿತು. ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. ನನ್ನ ಕೈ ಮೇಲೇಳಲಿಲ್ಲ. ಮೈಕು ಹಿಡಿದವನು ಸ್ವಲ್ಪ ಕಾದು, ತಾನೇ “ಮಹಾಪ್ರಭುಗಳು ಸೇತುವೆ ಮಂಜೂರು ಮಾಡಿದ್ದಾರೆ!” ಎಂದು ಕೂಗಿದ. ವಾಲಗ ಮೊಳಗಿತು. ಜನ ಎಲ್ಲದಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅದಕ್ಕೇ.

ಆಮೇಲೆ ಟೀ ಅಂಗಡಿಯ ಬೆಂಚಿನ ಮೇಲೆ ಅವಳ ಪಕ್ಕ ಕುಳಿತೆ. ದೊರೆ ಬಂದ ದಿನ ಅವಳೂ ಇದ್ದಳಂತೆ, ಪುಟ್ಟ ಹುಡುಗಿ. “ದೊರೆ ಇಳೀಲೇ ಇಲ್ಲ ಕಣಪ್ಪ. ಸೇತ್ವೆ ಕೇಳು ಅಂತ ಯೋಳ್ಕೊಟ್ಟು ನಮ್ಮಪ್ಪ ನನ್ನ ಎಗಲ ಮ್ಯಾಲೆ ಕೂರಿಸ್ಕೊಂಡಿದ್ದ. ಕಾರು ಬುರ್ರಂತ ಒಂಟೋಯ್ತು. ಧೂಳು ಕುಡ್ಕೊಂಡು ಮನೆಗೋದೋ.” ಅವಳು ನಕ್ಕಳು. ನಾನು ಟೀ ಲೋಟವನ್ನು ಬೆಂಚಿನ ಮೇಲಿಟ್ಟೆ. ಮೊಮ್ಮಗಳನ್ನು ಮಳೆಗೆ ಮುಂಚೆಯೇ ನಮ್ಮ ಮನೆಗೆ ಕರೆತನ್ನಿ ಎಂದೆ. “ಬತ್ತೀವಿ ಬುಡು” ಎಂದಳು, ಬಾರದವರು ಹೇಳುವ ದನಿಯಲ್ಲಿ. ಅವರು ಬರಲಿಲ್ಲ.

ದೊರೆ ನಿಂತು ಅಹವಾಲು ಕೇಳಿದ್ದೇ ಸುಳ್ಳಾದ ಭೇಟಿಗೆ ನಾವು ತೋರಣ ಕಟ್ಟಿದೆವು. ಅವತ್ತು ಆ ಪುಟ್ಟ ಹುಡುಗಿಯ ಬಾಯಿಂದ ಹೊರಡದ ಮಾತು ಇಷ್ಟು ವರ್ಷ ಒಂದು ಜೀವದೊಳಗೆ ಉಳಿದು, ಕೊನೆಗೆ ರಟ್ಟಿನ ಪೇಟದ ಮುಂದೆ ಹೊರಬಿತ್ತು. ಇದನ್ನು ಯೋಚಿಸುತ್ತ ಒಂದು ದಿನ ಸೇತುವೆಗಾಗಿ ಅರ್ಜಿ ಬರೆದು ತಾಲ್ಲೂಕು ಕಚೇರಿಗೆ ಹೋದೆ. ಗುಮಾಸ್ತ ಗುರುತು ಹಿಡಿದು ಎದ್ದೇ ನಿಂತ. “ನೀವೇ ಮಂಜೂರು ಮಾಡಿದ್ರಲ್ಲ ಸಾರ್!” ಎಂದು ನಕ್ಕು, ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡ. ಅರ್ಜಿಯನ್ನೂ ತೆಗೆದುಕೊಂಡ. ನೋಡೋಣ ಎಂದ.

ಈಗ ಶ್ರಾವಣ. ವಯನಾಡಿನ ಕಡೆ ಮಳೆ ಹಿಡಿದು ಬಿಡುತ್ತಲೇ ಇಲ್ಲ. ದೇವೀರಮ್ಮ ಕೊಟ್ಟಿದ್ದ ನಂಬರಿಗೆ ಫೋನು ಹತ್ತುತ್ತಿಲ್ಲ. ಮೊನ್ನೆ ಮನಸ್ಸು ತಡೆಯದೆ ನನ್ನ ಹಳೇ ರೂಟಿನ ಬಸ್ಸು ಹತ್ತಿ ಹೋದೆ. ಬಸ್ಸು ಎಂದಿನ ಜಾಗದಲ್ಲೇ ನಿಂತಿತು. ಕೆಂಪು ನೀರು ದಡ ಮೀರಿ ಹರಿಯುತ್ತಿತ್ತು. ಕೂಗಿದೆ, ಆಚೆಯಿಂದ ಯಾರೂ ಓಗೊಡಲಿಲ್ಲ. ಹೊಸ ಕಂಡಕ್ಟರು ಸೀಟಿ ಊದಿದ, ನಾನು ಬಂದು ಹತ್ತಿದೆ.

ನಿನ್ನೆ ನನ್ನವಳು ಹಾಲು ತರಲು ಹೋಗಿದ್ದಾಗ, ಬೀರುವಿನ ಮೇಲಿಂದ ಪೇಟ ಇಳಿಸಿದೆ. ಧೂಳು ಕೊಡವಿ ತಲೆಗಿಟ್ಟುಕೊಂಡು, ಹಿತ್ತಿಲ ಬಾಗಿಲಲ್ಲಿ ನಿಂತು, ಅವತ್ತು ಏಳದ ಕೈಯನ್ನು ಎತ್ತಿ, ಮಳೆಗೆ ನಿಲ್ಲು ಎಂದೆ. ನಾಚಿಕೆ ಬಿಟ್ಟು ಇನ್ನೊಮ್ಮೆ, ಗಟ್ಟಿಯಾಗಿ ಎಂದೆ. ಅದು ಸುರಿಯುತ್ತಲೇ ಇತ್ತು.